ಕೇಳಿದ ಮಾತೂ ಅಮಾನತ್

ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದಾಗ ಹಝ್ರತ್ ಉಮರ್(ರ) ಚಿಂತಿತರಾದರು. ಅವರ ಸಲಹೆಯಂತೆ ಖಲೀಫಾ ಅಬೂಬಕರ್(ರ) ಕುರ್‌ಆನ್ ಸಂಗ್ರಹದ ಹೊಣೆಯನ್ನು ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಝೈದ್(ರ) ತಮ್ಮ ನೆನಪೊಂದನ್ನೇ ನೆಚ್ಚಲಿಲ್ಲ. ಬರಹವನ್ನೂ ಸಾಕ್ಷಿಯನ್ನೂ ಕೇಳಿದರು. ಮುಂದೆ ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಗೂ ‘ಯಾರಿಂದ ಕೇಳಿದಿರಿ?’ ಎಂದು ವಿಚಾರಿಸಿದರು. ಅಲ್ಲಾಹನ ವಚನಕ್ಕೆ ಮನುಷ್ಯರ ಮಾತು ಸಮವಲ್ಲ. ಆದರೆ ಆ ಎಚ್ಚರ ನಮಗೆ ಎಂದಿಗೂ ಪಾಠ.

ಇತ್ತೀಚಿನ ಇತಿಹಾಸದಲ್ಲೂ ಇದಕ್ಕೊಂದು ಉದಾಹರಣೆಯಿದೆ. 1882ರಲ್ಲಿ ಬರೋಡಾದಲ್ಲಿ ಹುಟ್ಟಿದ ಇನಾಯತ್ ಖಾನ್ ಸಂಗೀತಗಾರರು. ಅವರ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಗಾಯಕರು. ಇನಾಯತ್ ಖಾನ್ ಹೈದರಾಬಾದಿನಲ್ಲಿ ಸೈಯದ್ ಅಬೂ ಹಾಶಿಮ್ ಮದನಿಯವರ ಮುರೀದರಾದರು. 1910ರಲ್ಲಿ ಅಮೆರಿಕಕ್ಕೆ ತೆರಳಿ, ಬಳಿಕ ಯುರೋಪಿನಲ್ಲಿ ಸೂಫಿ ವಿಚಾರಗಳನ್ನು ಬೋಧಿಸಿದರು. ಉಸಿರು, ಮನಸ್ಸಿನ ನೆಮ್ಮದಿ, ಪ್ರಾರ್ಥನೆಗಳಿಂದ ರೋಗಿಗೆ ಆಗುವ ನೆರವಿನ ಬಗ್ಗೆ ಅನೇಕ ಉಪನ್ಯಾಸ ನೀಡಿದರು. ಶಿಫಾಗಾಗಿ ‘ನಯಾಝ್’ ಎಂಬ ಪ್ರಾರ್ಥನೆಯನ್ನೂ ಕಲಿಸಿದರು. 1927ರ ಫೆಬ್ರವರಿ 5ರಂದು ದಿಲ್ಲಿಯಲ್ಲಿ ನಿಧನರಾದರು.

ಪ್ಯಾರಿಸ್ ಬಳಿಯ ಸುರೇನ್‌ನಲ್ಲಿ ಬೇಸಿಗೆಯ ದಿನಗಳಲ್ಲಿ ಅವರು ನೀಡುತ್ತಿದ್ದ ಉಪನ್ಯಾಸಗಳನ್ನು ಸಕೀನಾ ಫುರ್ನೆ ಎಂಬ ಡಚ್ ಶಿಷ್ಯೆ ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಪುಸ್ತಕ ಮಾಡಿದವರು ಭಾಷೆ ತಿದ್ದಿದರು, ಬೇರೆ ಬೇರೆ ದಿನಗಳ ಮಾತುಗಳನ್ನು ಒಂದೇ ಅಧ್ಯಾಯದಲ್ಲಿ ಸೇರಿಸಿದರು. ಪುಸ್ತಕ ಸೊಗಸಾಯಿತು; ಅವರು ಆಡಿದ ಮಾತು ಯಾವುದು, ತಿದ್ದಿದವರದು ಯಾವುದು ಎಂಬುದು ಮಸುಕಾಯಿತು. ಆದರೆ ಸಕೀನಾ ಮೂಲ ಕಾಗದಗಳನ್ನು ಎಸೆಯಲಿಲ್ಲ. ಅವುಗಳ ಆಧಾರದಿಂದಲೇ ನೆಕ್ಬಖ್ತ್ ಪ್ರತಿಷ್ಠಾನವು ಉಪನ್ಯಾಸಗಳನ್ನು ದಿನಾಂಕದ ಕ್ರಮದಲ್ಲಿ, ವ್ಯತ್ಯಾಸಗಳನ್ನು ಅಡಿಟಿಪ್ಪಣಿಯಲ್ಲಿ ತೋರಿಸಿ ಪ್ರಕಟಿಸತೊಡಗಿತು.

ಇಷ್ಟು ಶ್ರಮ ಏಕೆ? ರೋಗದ ವಿಷಯದಲ್ಲಿ ಒಂದು ಪದವೂ ಭಾರವಾದುದು. ‘ಗುಣವಾಗಬಹುದು’ ಎಂದದ್ದು ‘ಗುಣವಾಗುತ್ತದೆ’ ಎಂದಾದರೆ ಸಾಂತ್ವನ ವಾಗ್ದಾನವಾಗುತ್ತದೆ. ನಂಬಿದ ರೋಗಿ ಔಷಧಿ ನಿಲ್ಲಿಸಿಯಾನು. ಶಿಫಾ ನೀಡುವವನು ಅಲ್ಲಾಹನೊಬ್ಬನೇ. ದುಆ ಮಾಡುವವನೂ ವೈದ್ಯನೂ ನಿಮಿತ್ತ ಮಾತ್ರ. ಇನಾಯತ್ ಖಾನರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಎಲ್ಲ ಧರ್ಮಗಳ ಗ್ರಂಥಗಳನ್ನು ಒಟ್ಟಿಗಿಟ್ಟು ಅವರು ಆರಂಭಿಸಿದ ಆರಾಧನೆಯನ್ನು ಒಪ್ಪದ ಮುಸ್ಲಿಮರು ಬಹಳ. ಆದರೆ ಒಪ್ಪುವವನಿಗೂ ಒಪ್ಪದವನಿಗೂ ಬೇಕಾದುದು ಅವರು ನಿಜವಾಗಿ ಹೇಳಿದ ಮಾತು. ಆಡದ ಮಾತನ್ನು ಒಬ್ಬರ ತಲೆಗೆ ಕಟ್ಟಿ ಹೊಗಳುವುದೂ ಅನ್ಯಾಯ, ತೆಗಳುವುದೂ ಅನ್ಯಾಯ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಅಜ್ಜನ ಹಕೀಮಿ ನುಸ್ಖಾಗಳ ಪುಸ್ತಕ, ಉಸ್ತಾದರು ಕೈಯಾರೆ ಬರೆದ ದುಆಗಳು, ಹಳೆಯ ಖತೀಬರ ಟಿಪ್ಪಣಿಗಳು ಎಷ್ಟು ಗುಜರಿಗೆ ಹೋಗಿವೆ! ಉಳಿದಿರುವುದನ್ನು ತೇವ, ಗೆದ್ದಲಿನಿಂದ ಕಾಪಾಡಿ. ಬರೆದವರ ಹೆಸರು, ಊರು, ವರ್ಷವನ್ನು ಬೇರೊಂದು ಚೀಟಿಯಲ್ಲಿ ಬರೆದಿಡಿ. ಮೂಲದ ಮೇಲೆ ಪೆನ್ನು ಆಡಿಸಬೇಡಿ. ತಪ್ಪು ಕಂಡರೆ ಪಕ್ಕದ ಹಾಳೆಯಲ್ಲಿ ಹೇಳಿ. ಜುಮಾ ಖುತ್ಬಾದ ಸಾರಾಂಶ ಬರೆಯುವಾಗಲೂ ಖತೀಬರು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು ಎಂಬುದು ಓದುವವನಿಗೆ ಗೊತ್ತಾಗಲಿ.

ಕೇಳಿದ್ದನ್ನು ಕೇಳಿದಂತೆಯೇ ದಾಟಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.