ಅಂಕೋಲೆಯ ಬಟ್ಟೆ, ಅರಬ್ಬಿ ಕುದುರೆಯ ಕಾಲು

ಅಂಕೋಲೆಯ ಬೇಲೇಕೇರಿ ದಡದಲ್ಲಿ ನಿಂತವರಿಗೆ ಕುದುರೆಯ ನೆನಪಾಗುವ ಕಾರಣವೇ ಇಲ್ಲ. ಕಾಣುವುದು ದೋಣಿ, ಬಲೆ, ಮೀನಿನ ಬುಟ್ಟಿ. ಆದರೆ 1547ರಲ್ಲಿ ವಿಜಯನಗರಕ್ಕೂ ಗೋವೆಯ ಪೋರ್ಚುಗೀಸರಿಗೂ ನಡುವೆ ಆದ ಒಪ್ಪಂದದಲ್ಲಿ ಅಂಕೋಲೆಯ ಹೆಸರಿದೆ. ಅದು ಅಲ್ಲಿ ಸೇರಿಕೊಂಡದ್ದು ಮುಖ್ಯವಾಗಿ ಕುದುರೆಯ ದೆಸೆಯಿಂದ.

ಆಗ ಸಿಂಹಾಸನದ ಮೇಲಿದ್ದವನು ಸದಾಶಿವರಾಯ. ಅಧಿಕಾರ ಅಳಿಯ ರಾಮರಾಯನದು. ಗೋವೆಯಲ್ಲಿ ಗವರ್ನರನಾಗಿದ್ದವನು ಜೋವಾವ್ ದ ಕಾಸ್ಟ್ರೊ. ಹಡಗಿನಲ್ಲಿ ಗೋವೆಗೆ ಬಂದಿಳಿಯುವ ಅರಬ್ಬಿ ಮತ್ತು ಪಾರಸಿ ಕುದುರೆಗಳನ್ನು ವಿಜಯನಗರದ ವರ್ತಕರಿಗೆ ಕೊಳ್ಳಲು ಬಿಡಬೇಕು, ಬಿಜಾಪುರದ ಆದಿಲಶಾಹನಿಗೆ ಹೋಗಗೊಡಬಾರದು ಎಂಬುದು ಒಂದು ಷರತ್ತು. ಅದಕ್ಕೆ ಪ್ರತಿಯಾಗಿ ವಿಜಯನಗರದ ಬಟ್ಟೆ ಆದಿಲಶಾಹನ ಬಂದರುಗಳಿಗೆ ಹೋಗದೆ ಅಂಕೋಲೆ, ಹೊನ್ನಾವರಗಳಿಗೇ ಬರಬೇಕು. ಗೋವೆಯ ವರ್ತಕರು ಅಲ್ಲಿಗೆ ಬಂದು ಕೊಳ್ಳಬೇಕು. ಕಬ್ಬಿಣ ಮತ್ತು ಪೆಟ್ಲುಪ್ಪಿಗೂ ಇಂಥದೇ ಕಟ್ಟು. ಘಟ್ಟದ ಮೇಲಿನ ನೇಕಾರ ನೆಯ್ದ ಬಟ್ಟೆ ಅಂಕೋಲೆಯಲ್ಲಿ ಹಡಗು ಹತ್ತಿತು. ಗೋವೆಯಲ್ಲಿ ಕುದುರೆ ಹಡಗಿನಿಂದ ಇಳಿಯಿತು. ಕಾರವಾರದ ಕಾಳಿ ನದಿಯಾಚೆಗೆ ಗೋವೆಯ ಗಡಿ ಎಷ್ಟು ಹತ್ತಿರವೆಂಬುದನ್ನು ನೆನೆದರೆ, ಈ ಎರಡೂ ಒಂದೇ ವ್ಯಾಪಾರದ ಎರಡು ತುದಿಗಳೆಂಬುದು ಹೊಳೆಯುತ್ತದೆ.

ಒಂದು ಸಾಮ್ರಾಜ್ಯ ಪ್ರಾಣಿಯೊಂದಕ್ಕಾಗಿ ಇಷ್ಟೆಲ್ಲ ಮಣಿಯಬೇಕೆ? ಬೇಕಾಗಿತ್ತು. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದು ಕಷ್ಟ. ಹೊರಗಿನಿಂದ ತಂದ ಕುದುರೆಯೂ ಬಹಳ ಕಾಲ ಬಾಳುತ್ತಿರಲಿಲ್ಲ. ಅಂದರೆ ಕೊಳ್ಳುವುದು ಒಮ್ಮೆಗೆ ಮುಗಿಯುವ ವ್ಯವಹಾರವಲ್ಲ; ಪ್ರತಿ ವರ್ಷವೂ ಕೊಳ್ಳಬೇಕು. ಸುಮಾರು 1535ರಲ್ಲಿ ವಿಜಯನಗರದ ಬಗೆಗೆ ಬರೆದ ಫೆರ್ನಾವ್ ನೂನಿಜ್, ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಹೇಳುತ್ತಾನೆ. ಹಾರ್ಮುಜಿನಿಂದ ಬಂದವೂ ನಾಡಿನವೂ ಸೇರಿದ ಲೆಕ್ಕ ಇದು. ಒಳ್ಳೆಯವನ್ನು ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ರಾಯರು ತಮ್ಮ ನಾಯಕರಿಗೇ ಮಾರುತ್ತಿದ್ದರಂತೆ, ಸಾವಿರ ವರಾಹಕ್ಕೆ ಐದರಂತೆ. ಕುಂಟು ಕುದುರೆಯ ನಷ್ಟ ಕೊನೆಗೆ ಯಾರ ತಲೆಗೆ ಬರುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಳುವ ನರಸಿಂಹನ ಬಗ್ಗೆ ಇದೇ ನೂನಿಜ್ ಹೇಳುವ ಮಾತು ಇನ್ನೂ ವಿಚಿತ್ರ. ಸಾವಿರ ವರಾಹಕ್ಕೆ ಮೂರರಂತೆ ಆತ ಕುದುರೆಗಳನ್ನು ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಪೂರ್ತಿ ಹಣ ಸಿಗುತ್ತಿತ್ತು. ವರ್ತಕ ಹೆದರಿ ವ್ಯಾಪಾರ ನಿಲ್ಲಿಸದಿರಲೆಂದು ಅರಸನೇ ಕೊಟ್ಟ ವಿಮೆ ಎನ್ನಬಹುದು. ಬಾಲಕ್ಕೆ ಬೆಲೆ ಕೊಡುವುದು ಸುಲಭ. ಬದುಕಿ ಬಂದ ಕುದುರೆಯ ಕಾಲಿಗೆ ಬೆಲೆ ಕಟ್ಟುವುದೇ ಕಷ್ಟ.

ಏಕೆಂದರೆ ಕುದುರೆ ಎಂದರೆ ಕಾಲು. ಅದರ ಮೈಭಾರದಲ್ಲಿ ಹೆಚ್ಚುಪಾಲು ಬೀಳುವುದು ಮುಂಗಾಲುಗಳ ಮೇಲೆ. ನಾವು ಮುಂಗಾಲಿನ ಮಂಡಿ ಎನ್ನುವುದು ನಿಜಕ್ಕೂ ಕುದುರೆಯ ಮಣಿಕಟ್ಟು. ಅದು ಓಡುವುದು ಒಂದೊಂದು ಬೆರಳಿನ ತುದಿಯ ಮೇಲೆ. ನಾಗಾಲೋಟದಲ್ಲಿ ಆ ಒಂದೊಂದು ಕಾಲೂ ಕ್ಷಣಕಾಲ ಇಡೀ ದೇಹದ ತೂಕಕ್ಕೂ ಮೀರಿದ ಭಾರ ಹೊರುತ್ತದೆ. ಮಂಡಿಯಿಂದ ಕೆಳಗೆ ಮಾಂಸದ ರಕ್ಷಣೆಯಿಲ್ಲ. ಮೂಳೆ, ಸ್ನಾಯುರಜ್ಜು, ಚರ್ಮ ಅಷ್ಟೆ. ವಾರಗಟ್ಟಲೆ ಹಡಗಿನಲ್ಲಿ ಇಕ್ಕಟ್ಟಾಗಿ ನಿಂತು ಬಂದ ಪ್ರಾಣಿ ದಡದಲ್ಲಿ ಮುಗ್ಗರಿಸಿದರೆ ಅದು ದಣಿವೋ, ಕೀಲಿನ ಕೇಡೋ? ಕೊಳ್ಳುವವನಿಗೆ ಕಣ್ಣು ಮತ್ತು ಅಂಗೈ ಬಿಟ್ಟರೆ ಬೇರೆ ಸಾಧನವಿರಲಿಲ್ಲ.

ಆ ಕಣ್ಣೇನೂ ಸಾಮಾನ್ಯವಾದುದಲ್ಲ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ. ಗೊರಸಿನ ಸದ್ದಿನ ಲಯ ತಪ್ಪುತ್ತದೆ. ಕೆಟ್ಟ ಕೀಲು ಕೈಗೆ ಬಿಸಿಯಾಗಿ ತಾಗುತ್ತದೆ. ಆದರೆ ಎರಡೂ ಮುಂಗಾಲು ಸಮನಾಗಿ ನೋಯುತ್ತಿದ್ದರೆ ತಲೆ ಆಡುವುದೇ ಇಲ್ಲ. ಅಂಥದು ನುರಿತವನನ್ನೂ ಮೋಸಗೊಳಿಸುತ್ತದೆ.

ಈ ತಿಳಿವಳಿಕೆ ಕನ್ನಡದಲ್ಲಿ ಗ್ರಂಥವೂ ಆಯಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳಿಗೆ ಜಾಗ ಕೊಟ್ಟಿದ್ದ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲಿ ‘ಅಶ್ವವೈದ್ಯ’ ಬರೆದ. ಮೈಸೂರಿನಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಬಂತು. ಕವಿಚರಿತೆಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಈ ಪಂಡಿತರು, ಕಾವ್ಯ ಬರೆದವರಷ್ಟೇ ರಾಜ್ಯಕ್ಕೆ ಬೇಕಾದವರಾಗಿದ್ದರು. ಹದಿಮೂರನೆಯ ಶತಮಾನದಲ್ಲಿ ತಮಿಳುನಾಡಿನ ತೀರಕ್ಕೆ ಬಂದ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಅನ್ನದೊಡನೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ಲಾಳ ಕಟ್ಟಿ ಆರೈಕೆ ಮಾಡಬಲ್ಲವರಿಲ್ಲ, ಅಂಥವರು ಅಲ್ಲಿಗೆ ಹೋಗದಂತೆ ವರ್ತಕರೇ ನೋಡಿಕೊಳ್ಳುತ್ತಾರೆ ಎಂದು ದೂರಿದ್ದಾನೆ. ಕುದುರೆ ಬೇಗ ಸತ್ತಷ್ಟೂ ಮಾರುವವನಿಗೆ ಲಾಭ! ಆದರೆ ಆ ಮಾತನ್ನು ಇಡೀ ದಕ್ಷಿಣಕ್ಕೆ ಅನ್ವಯಿಸಿದರೆ ಅಭಿನವಚಂದ್ರನಿಗೆ ಅನ್ಯಾಯವಾದೀತು.

ಈ ಪಂಡಿತರಿಗೆ ಕಾಣದಿದ್ದುದು ಚರ್ಮದ ಒಳಗಿನದು. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಮೂಳೆಯ ಚಿತ್ರ ಸಿಕ್ಕಿತು. ಆದರೆ ಮೂಳೆಯ ಸುಣ್ಣದಂಶ ಸಾಕಷ್ಟು ಕರಗುವವರೆಗೆ ಎಕ್ಸ್-ರೇಯಲ್ಲಿ ಏನೂ ಕಾಣದು. ಕೂದಲೆಳೆಯಷ್ಟು ಸಣ್ಣ ಬಿರುಕು ತಪ್ಪಿಸಿಕೊಳ್ಳುತ್ತದೆ. ಸೊಂಟದಂಥ ದಪ್ಪ ಭಾಗದಲ್ಲಂತೂ ಹೇಳುವುದೇ ಬೇಡ. ಅಂಥ ಬಿರುಕಿನ ಮೇಲೆ ಇನ್ನೊಂದು ಪಂದ್ಯ ಓಡಿಸಿದರೆ ಮೂಳೆ ಎರಡಾಗುತ್ತದೆ; ಕಾಲು ಮುರಿದ ಪಂದ್ಯದ ಕುದುರೆಗೆ ಹಲವು ವೇಳೆ ಉಳಿಯುವುದು ದಯಾಮರಣ.

ಇಲ್ಲಿ ನೆರವಿಗೆ ಬಂದದ್ದು ಪರಮಾಣು ವಿಜ್ಞಾನ. 1937ರಲ್ಲಿ ಪತ್ತೆಯಾದ ಟೆಕ್ನೀಶಿಯಂ, ಮನುಷ್ಯ ಕೃತಕವಾಗಿ ಪಡೆದ ಮೊದಲ ಮೂಲವಸ್ತು. ಅದರ 99ಎಂ ಎಂಬ ರೂಪದ ವಿಕಿರಣ ಪ್ರತಿ ಆರು ಗಂಟೆಗೆ ಅರ್ಧಕ್ಕಿಳಿಯುತ್ತದೆ. 1971ರಲ್ಲಿ ಅಮೆರಿಕದಲ್ಲಿ ಗೋಪಾಲ್ ಸುಬ್ರಮಣಿಯನ್ ಮತ್ತು ಮ್ಯಾಕಫೀ ಇದನ್ನು ಫಾಸ್ಫೇಟಿನೊಡನೆ ಬೆಸೆದು ಮೂಳೆಗೆ ಅಂಟುವಂತೆ ಮಾಡಿದರು. ಮನುಷ್ಯರಿಗಾಗಿ ಹುಟ್ಟಿದ ವಿಧಾನ ಅದೇ ದಶಕದಲ್ಲಿ ಕುದುರೆಗಳಿಗೂ ಬಂತು. ಸ್ವಿಟ್ಜರ್ಲೆಂಡಿನ ಉಯೆಲ್ಟ್‌ಶಿ 1977ರಲ್ಲಿ ಇದನ್ನು ಪಶುವೈದ್ಯರಿಗೆ ಪರಿಚಯಿಸಿದರು.

ಕತ್ತಿನ ರಕ್ತನಾಳಕ್ಕೆ ಚುಚ್ಚುಮದ್ದು ಕೊಟ್ಟು ಎರಡು ಮೂರು ಗಂಟೆ ಕಾಯುತ್ತಾರೆ. ಮೂಳೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತಿರುವ ಕಡೆ ಔಷಧ ಹೆಚ್ಚು ಸೇರುತ್ತದೆ. ಮಂಪರಿನಲ್ಲಿ ನಿಂತ ಕುದುರೆಯ ಸುತ್ತ ಗಾಮಾ ಕ್ಯಾಮೆರಾ ಹಾಯಿಸಿದರೆ ಆ ಜಾಗ ಕಪ್ಪಾಗಿ ಮೂಡುತ್ತದೆ. ಎಕ್ಸ್-ರೇ ತೋರಿಸುವುದು ಮೂಳೆಯ ಆಕಾರ. ಇದು ತೋರಿಸುವುದು ಮೂಳೆಯ ಕೆಲಸ. ಎಲ್ಲಿ ಕೆಟ್ಟಿದೆ ಎಂಬುದನ್ನು ಹೇಳುತ್ತದೆ, ಏನು ಕೆಟ್ಟಿದೆ ಎಂಬುದನ್ನಲ್ಲ. ಎಳೆಯ ಕುದುರೆಯಲ್ಲಿ ಬೆಳೆಯುವ ಮೂಳೆಯ ತುದಿಯೂ ಕಪ್ಪಾಗಿಯೇ ಕಾಣುತ್ತದೆ. ಹೀಗಾಗಿ ವೈದ್ಯ ಮೊದಲು ಇಂದಿಗೂ ಕುದುರೆಯನ್ನು ನಡೆಸಿ, ಓಡಿಸಿ, ಅದರ ತಲೆಯ ಆಟ ನೋಡುತ್ತಾನೆ.

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಅಣುಸ್ಥಾವರವಿದೆಯಷ್ಟೆ, ಈ ಔಷಧ ಅಲ್ಲಿಯದೇ ಎಂದು ಯಾರಾದರೂ ಕೇಳಬಹುದು. ಅಲ್ಲ. 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಕೈಗಾ ಕೊಡುವುದು ವಿದ್ಯುತ್ತು. ಟೆಕ್ನೀಶಿಯಂನ ತಾಯಿಯಾದ ಮಾಲಿಬ್ಡಿನಂ-99 ತಯಾರಾಗುವುದು ಮುಂಬಯಿಯ ಟ್ರಾಂಬೆಯಂಥ ಕಡೆಯ ಸಂಶೋಧನಾ ರಿಯಾಕ್ಟರುಗಳಲ್ಲಿ.

ಪರೀಕ್ಷೆ ಮುಗಿದ ಕುದುರೆಯನ್ನು ಒಂದು ದಿನವಾದರೂ ಬೇರೆ ಲಾಯದಲ್ಲಿ ಒಂಟಿಯಾಗಿ ಕಟ್ಟುತ್ತಾರೆ. ಮೈಯೊಳಗಿನ ವಿಕಿರಣ ಹದಿನಾರರಲ್ಲೊಂದು ಪಾಲಿಗೆ ಇಳಿಯಲು ಇಪ್ಪತ್ತನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಕುದುರೆಯಾಳು ಲಾಯದ ಹುಲ್ಲನ್ನು ಗುಡಿಸುವಂತಿಲ್ಲ, ಪಕ್ಕದಲ್ಲಿ ನಿಂತು ಮೈ ಉಜ್ಜುವಂತಿಲ್ಲ. ದೂರದಿಂದ ನೋಡಬಹುದು ಅಷ್ಟೆ.