ಭೌತಚಿಕಿತ್ಸೆ ನಡೆದುಬಂದ ದಾರಿ

ಪೆಟ್ಟು ಬಿದ್ದ ಕಡೆಗೆ ಕೈ ತಾನಾಗಿ ಹೋಗುವುದು ಮನುಷ್ಯಸ್ವಭಾವವಾದುದರಿಂದ, ಅಂಗಮರ್ದನದ ಮೂಲವನ್ನು ಇಂಥ ದೇಶದಲ್ಲಿ, ಇಂಥ ಶತಮಾನದಲ್ಲಿ ಎಂದು ಗೊತ್ತುಪಡಿಸಹೊರಡುವುದು ವ್ಯರ್ಥಶ್ರಮ. ಆಯುರ್ವೇದದಲ್ಲಿ ಅಭ್ಯಂಗ ಸ್ವೇದನಗಳುಂಟು. ಮೈಸೂರು ಸೀಮೆಯಲ್ಲಿ ಕುಸ್ತಿಯನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಜಟ್ಟಿಗಳು, ಪಟ್ಟು ಹಾಕುವುದರಲ್ಲಿ ಎಷ್ಟು ನಿಪುಣರೋ ತಪ್ಪಿದ ಕೀಲನ್ನು ಕೂಡಿಸುವುದರಲ್ಲಿಯೂ ಅಷ್ಟೇ ನಿಪುಣರೆಂದು ಹೆಸರಾಗಿದ್ದರು. ಮೊದಲನೆಯ ಶತಮಾನದ ರೋಮಿನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯನು ತಲೆನೋವಿಗೂ ಪಾದದ ವಾತಕ್ಕೂ ವಿದ್ಯುದಾಘಾತ ಮಾಡುವ ಟಾರ್ಪಿಡೋ ಮೀನನ್ನು ಮೈಗೆ ತಾಗಿಸಬೇಕೆಂದು ಬರೆದಿಟ್ಟನು. ಕೈ, ಕಾವು, ವಿದ್ಯುತ್ತು ಮೂರೂ ಹೀಗೆ ಹಳೆಯವೇ. ರೋಗಿಯು ತನ್ನ ಮೈಯನ್ನು ತಾನೇ ದುಡಿಸಿ ಗುಣ ಮಾಡಿಕೊಳ್ಳಬೇಕೆಂಬ ವಿಚಾರವು ವೈದ್ಯದಲ್ಲಿ ನೆಲೆಗೊಂಡುದು ಮಾತ್ರ ಬಹಳ ತಡವಾಗಿ.

1813ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಜಾಶ್ರಯದಿಂದ ವ್ಯಾಯಾಮದ ಸಂಸ್ಥೆಯೊಂದನ್ನು ತೆರೆದು, ಅಂಗಸಾಧನೆಯನ್ನು ಚಿಕಿತ್ಸೆಯ ಒಂದು ಶಾಖೆಯೆಂದು ಕ್ರಮವಾಗಿ ಬೋಧಿಸಿದ ಪೆರ್ ಹೆನ್ರಿಕ್ ಲಿಂಗನು ವೈದ್ಯನಾಗಿರದೆ ಕತ್ತಿವರಸೆಯ ಗುರುವಾಗಿದ್ದನೆಂಬುದು ಗಮನಾರ್ಹ. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು, ಮಸಾಜು ಎಂಬ ಹೆಸರಿಗೆ ಅಂಟಿದ್ದ ಅಪವಾದವನ್ನು ತೊಳೆಯುವ ಸಲುವಾಗಿ ಸಂಘ ಕಟ್ಟಿದರು. ಇಂದಿನ ಬ್ರಿಟಿಷ್ ಭೌತಚಿಕಿತ್ಸಕರ ಸಂಘ ಅದರಿಂದಲೇ ಬೆಳೆದುದು. ಮೊದಲನೆಯ ಮಹಾಯುದ್ಧದ ಗಾಯಾಳುಗಳು ಈ ವೃತ್ತಿಗೆ ಆಸ್ಪತ್ರೆಗಳ ಬಾಗಿಲನ್ನು ತೆರೆಯಿಸಿದರು.

ಆದರೂ ವೈದ್ಯಲೋಕದ ನಂಬಿಕೆಯೆಲ್ಲ ವಿಶ್ರಾಂತಿಯ ಮೇಲೆ. ಪೋಲಿಯೋ ತಗುಲಿದ ಮಕ್ಕಳ ಕೈಕಾಲುಗಳನ್ನು ಅಚ್ಚುಗಳಲ್ಲಿ ಕಟ್ಟಿ, ತಿಂಗಳುಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದ ಕಾಲದಲ್ಲಿ, ಆಸ್ಟ್ರೇಲಿಯದ ದಾದಿ ಎಲಿಜಬೆತ್ ಕೆನ್ನಿ ಆ ಕಟ್ಟುಗಳನ್ನು ಬಿಚ್ಚಿ, ಕುದಿನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಬಟ್ಟೆಯನ್ನು ಸೆಟೆದ ಸ್ನಾಯುಗಳಿಗೆ ಸುತ್ತಿ, ನೋವು ಇಳಿದ ಮೇಲೆ ಕೀಲುಗಳನ್ನು ಮೆಲ್ಲಮೆಲ್ಲನೆ ಆಡಿಸಿದಳು. ರೋಗದ ಕಾರಣವನ್ನು ಕುರಿತ ಅವಳ ವಾದವನ್ನು ಪಂಡಿತರು ಒಪ್ಪಲಿಲ್ಲ. ಆದರೆ 1940ರಲ್ಲಿ ಅವಳು ಅಮೆರಿಕೆಗೆ ಹೋದ ಮೇಲೆ ಅವಳ ಕ್ರಮವನ್ನು ಅಲ್ಲಗಳೆಯುವುದು ಅವರಿಗೆ ಸಾಧ್ಯವಾಗಲಿಲ್ಲ. 1947ರಲ್ಲಿ ರಿಚರ್ಡ್ ಆಷರ್ ಎಂಬ ಆಂಗ್ಲ ವೈದ್ಯನು ಹಾಸಿಗೆಯೇ ಹೇಗೆ ಅಪಾಯಕಾರಿಯೆಂಬುದನ್ನು ಅಂಗಾಂಗಗಳ ಲೆಕ್ಕದಲ್ಲಿ ವಿವರಿಸಿದನು. 1986ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು, ಸೊಂಟನೋವಿಗೆ ಏಳು ದಿನದ ವಿಶ್ರಾಂತಿಗಿಂತ ಎರಡೇ ದಿನದ ವಿಶ್ರಾಂತಿ ಏನೂ ಕಡಮೆಯದಲ್ಲವೆಂದು ತೋರಿಸಿಕೊಟ್ಟಿತು.

ಸ್ನಾಯುಬಲದ ವಿಷಯದಲ್ಲಿ ದೊಡ್ಡ ತಿರುವು ಬಂದುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಭಾರ ಎತ್ತುವ ಹವ್ಯಾಸವಿದ್ದ ಥಾಮಸ್ ಡಿಲಾರ್ಮ್ ಎಂಬ ಸೇನಾವೈದ್ಯನು, ಮೊಣಕಾಲು ಕೆಟ್ಟ ಸೈನಿಕರಿಗೆ ಹಗುರ ತೂಕವನ್ನು ನೂರಾರು ಸಲ ಎತ್ತಿಸುವ ರೂಢಿಯನ್ನು ಬಿಟ್ಟು, ಪಾದಕ್ಕೆ ಕಬ್ಬಿಣದ ಪಾದುಕೆ ಕಟ್ಟಿ ಭಾರವಾದ ತೂಕವನ್ನೇ ಕೆಲವೇ ಸಲ ಎತ್ತಿಸಿದನು. ರೋಗಿಯು ಹತ್ತು ಸಲ ಮಾತ್ರ ಎತ್ತಬಲ್ಲ ತೂಕವೇ ಅವನ ಅಳತೆಗೋಲು: ಮೊದಲು ಅದರ ಅರ್ಧ, ಬಳಿಕ ಮುಕ್ಕಾಲು, ಕೊನೆಗೆ ಪೂರ್ಣಭಾರ, ಪ್ರತಿಯೊಂದೂ ಹತ್ತು ಸಲ, ಬಲ ಬಂದಂತೆಲ್ಲ ತೂಕವೂ ಏರಬೇಕು. ಇಂದು ಜಿಮ್ಮಿನಲ್ಲಿ ಹುಡುಗರು ಹತ್ತತ್ತರ ಮೂರು ಸೆಟ್ಟು ಎಂದು ಎಣಿಸುವ ಲೆಕ್ಕ ಈ ಆಸ್ಪತ್ರೆಯ ಲೆಕ್ಕವೇ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು.

ಇನ್ನು ಯಂತ್ರಗಳು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ಬೆನ್ನುಹುರಿಯಲ್ಲಿ ನೋವಿನ ವಾರ್ತೆಗೆ ತಡೆ ಬೀಳುವುದೆಂದು ಪ್ರತಿಪಾದಿಸಿದರು. ಉಜ್ಜಿದರೆ ನೋವು ಕಡಮೆಯಾಗುವುದೇಕೆಂಬುದಕ್ಕೆ ಇದೊಂದು ಸಮಾಧಾನ. ಚರ್ಮಕ್ಕೆ ಬಿಲ್ಲೆಗಳನ್ನಂಟಿಸಿ ಜುಮುಜುಮು ಎನಿಸುವ ಟೆನ್ಸ್ ಯಂತ್ರಕ್ಕೆ ಆಧಾರ ಈ ಸಿದ್ಧಾಂತವೇ. ಮೈಯೊಳಕ್ಕೆ ಕಾವು ಇಳಿಸುವ ಶಾರ್ಟ್‌ವೇವ್ ಡಯಾಥರ್ಮಿ, ಜೆಲ್ ಸವರಿ ಆಡಿಸುವ ಅಲ್ಟ್ರಾಸೌಂಡ್, ಬೆರಳುಗಳ ಸಂಧಿವಾತಕ್ಕೆ ಕರಗಿದ ಮೇಣದ ಸ್ನಾನ ಮುಂತಾದವೂ ಚಿಕಿತ್ಸಾಲಯಗಳಲ್ಲಿ ಬೇರೂರಿದವು. ಇವುಗಳಲ್ಲಿ ಕೆಲವು ಕೊಡುವ ಉಪಶಮನ ನಿಜವಾದರೂ ಅಲ್ಪಕಾಲದ್ದು. ಅಲ್ಟ್ರಾಸೌಂಡಿನ ಫಲವಂತೂ ಪರೀಕ್ಷೆಗಳಲ್ಲಿ ಅದರ ಪ್ರಚಾರಕ್ಕೆ ತಕ್ಕಷ್ಟು ಕಂಡುಬಂದಿಲ್ಲ.

ಮಂಜುಗಡ್ಡೆಯ ಕಥೆಯೂ ಇಂಥದೇ. ಉಳುಕಿಗೆ ವಿಶ್ರಾಂತಿ, ಮಂಜು, ಒತ್ತುಪಟ್ಟಿ, ಎತ್ತರದಲ್ಲಿಡುವಿಕೆ ಎಂಬ ಸೂತ್ರವನ್ನು 1978ರಲ್ಲಿ ಪ್ರಚುರಪಡಿಸಿದ ಗೇಬ್ ಮಿರ್ಕಿನ್ ಎಂಬ ವೈದ್ಯನೇ, ಮಂಜೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ಮುಂದೆ ತಿದ್ದಿಕೊಂಡನು. ನೋವು ಮರೆಸಲು ಮಂಜು ಸಾಕು, ಮಾಗಲು ಚಲನೆ ಬೇಕು.

ನಮ್ಮ ದೇಶದಲ್ಲಿ ಈ ವಿದ್ಯೆಯ ವ್ಯವಸ್ಥಿತ ಶಿಕ್ಷಣ 1950ರ ದಶಕದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲಾಯಿತು, ಈಗ ಕರ್ನಾಟಕದ ಜಿಲ್ಲಾಕೇಂದ್ರಗಳಲ್ಲೆಲ್ಲ ಫಿಸಿಯೋಥೆರಪಿಯ ಫಲಕಗಳುಂಟು. ಆದರೆ ನಮ್ಮ ಜನಕ್ಕೆ ಈ ಚಿಕಿತ್ಸೆಯೆಂದರೆ ‘ಕರೆಂಟು ಕೊಡಿಸಿಕೊಳ್ಳುವುದು’. ಹತ್ತು ದಿನದ ಕರೆಂಟಿಗೆ ದುಡ್ಡು ತೆತ್ತವರು, ಮನೆಯಲ್ಲಿ ಮಾಡಬೇಕೆಂದು ಬರೆದುಕೊಟ್ಟ ವ್ಯಾಯಾಮದ ಚೀಟಿಯನ್ನು ಎಕ್ಸ್‌ರೇ ಲಕೋಟೆಯೊಳಗೇ ಇಟ್ಟು ಮರೆಯುತ್ತಾರೆ. ತಪ್ಪು ರೋಗಿಯದೊಂದೇ ಅಲ್ಲ. ಪ್ರತಿದಿನದ ಯಂತ್ರಕ್ಕೆ ಶುಲ್ಕ ವಸೂಲಾಗುವಂತೆ, ಕಾಲುಗಂಟೆ ಕೂರಿಸಿಕೊಂಡು ವ್ಯಾಯಾಮ ಕಲಿಸುವುದಕ್ಕೆ ಆಗುವುದಿಲ್ಲ.