ನೆಲದ ಟಿಕೇಟಿನವರ ತೀರ್ಪು

ಯಕ್ಷಗಾನದ ಚರಿತ್ರೆಯನ್ನು ನಾವು ಭಾಗವತರ, ವೇಷಧಾರಿಗಳ, ಮೇಳದ ಯಜಮಾನರ ಹೆಸರು ಹಿಡಿದು ಬರೆಯುತ್ತ ಬಂದಿದ್ದೇವೆ. ಆಟ ನೋಡಿದವರಿಗೂ ಒಂದು ಚರಿತ್ರೆ ಇದೆ. ಕಾಸರಗೋಡಿನ ಮಟ್ಟಿಗೆ ಅದರ ದೊಡ್ಡ ಅಧ್ಯಾಯ ನಡೆದದ್ದು ಡೇರೆಯೊಳಗೆ. ಕೊಯ್ಲಾದ ಗದ್ದೆಯಲ್ಲಿ ಮಧ್ಯಾಹ್ನ ಎದ್ದು, ಮರುದಿನ ಬೆಳಗ್ಗೆ ಲಾರಿ ಹತ್ತಿ ಹೋಗುತ್ತಿದ್ದ ಆ ಬಟ್ಟೆಯ ಮಾಡಿನಡಿಯಲ್ಲಿ ನಮ್ಮೂರ ಜನ ಪ್ರೇಕ್ಷಕರಾದರು. ಅಲ್ಲಿಯವರೆಗೆ ಅವರು ಭಕ್ತರಾಗಿದ್ದರು, ಆಟ ಆಡಿಸಿದ ಮನೆಯ ನೆಂಟರಾಗಿದ್ದರು.

ನಾನು ಬದಿಯಡ್ಕದ ಕಡೆಯವನು, ಕನ್ನಡ ಮಾಷ್ಟ್ರಾಗಿದ್ದು ನಿವೃತ್ತನಾದವನು. ನನ್ನ ಸೋದರಮಾವನಿಗೆ ಆಟ ವಹಿಸಿಕೊಳ್ಳುವ ಹುಚ್ಚು. ಶಾಲೆಯ ಕಟ್ಟಡಕ್ಕೆಂದೋ ಊರ ಸಂಘಕ್ಕೆಂದೋ ಸಹಾಯಾರ್ಥ ಪ್ರದರ್ಶನ ಇಟ್ಟುಕೊಂಡಾಗಲೆಲ್ಲ ಗೇಟಿನಲ್ಲಿ ನಿಲ್ಲುವವರು ಮಾವ, ಹರಿದ ಟಿಕೇಟಿನ ತುಂಡು ಹಿಡಿದುಕೊಳ್ಳುವವ ನಾನು. ಆದ್ದರಿಂದ ಆಟಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಆಟ ನೋಡುವವರನ್ನು.

ಡೇರೆಗೆ ಮೊದಲು ಬಯಲಾಟ. ಅದು ಹರಕೆಯದು. ಆಡಿಸುವವನು ಒಬ್ಬ, ನೋಡುವುದಕ್ಕೆ ಊರೆಲ್ಲ. ದುಡ್ಡು ಹಾಕಿದವನು ದೇವರ ಹೆಸರಲ್ಲಿ ಹಾಕಿದ, ನೋಡಿದವನು ಊಟವನ್ನೂ ಉಂಡು ಪುಕ್ಕಟೆ ನೋಡಿದ. ಆಟ ಸಪ್ಪೆಯಾಯಿತು ಎಂದು ಬಾಯಿಬಿಟ್ಟು ಹೇಳಿದರೆ ಸೇವೆಗೆ ಕುಂದು ಹೇಳಿದ ಹಾಗೆ. ಹಾಗಂತ ಬಯಲಿನ ಜನಕ್ಕೆ ಆಟ ತಿಳಿಯುತ್ತಿರಲಿಲ್ಲವೆಂದಲ್ಲ. ಇದು ಪಾರ್ತಿಸುಬ್ಬನ ಸೀಮೆ. ತೆಂಕುತಿಟ್ಟಿನ ಪಿತಾಮಹನೆಂದು ಪರಂಪರೆ ಹೇಳುವ ಆ ಕವಿ ಕುಂಬಳೆಯವನು, ಅಲ್ಲಿನ ಕಣಿಪುರ ಗೋಪಾಲಕೃಷ್ಣನ ಭಕ್ತ. ಅವನ 'ಪಂಚವಟಿ', 'ವಾಲಿ ಸಂಹಾರ'ದ ಪದ್ಯಗಳು ಓದು ಬರಹ ಬಾರದವರ ನಾಲಗೆಯ ಮೇಲೂ ಇದ್ದವು. ಭಾಗವತರು ಒಂದು ಪದ್ಯ ಹಾರಿಸಿದರೆ ಚಾಪೆಯ ಮೇಲೆ ಕೂತ ಅಜ್ಜನಿಗೆ ಗೊತ್ತಾಗುತ್ತಿತ್ತು, ಆದರೆ ಅವನು ಪಕ್ಕದವನ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದ. 1938ರಲ್ಲಿ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ ಏರು ಶ್ರುತಿಯ ಹಾಡು ಮೈಕಿನ ಹಂಗಿಲ್ಲದ ಆ ಬಯಲಿಗೆಂದೇ ರೂಪುಗೊಂಡ ಪರಂಪರೆಯದು. ಅವರ ಅಜ್ಜನೂ ಅದೇ ಹೆಸರಿನ ಭಾಗವತರು.

ಬಯಲಿನಲ್ಲಿ ಜನ ಗಟ್ಟಿಯಾಗಿ ಬಾಯಿಬಿಡುತ್ತಿದ್ದ ಸಂದರ್ಭ ಮುಖ್ಯವಾಗಿ ಎರಡು. ಒಂದು 'ದೇವಿ ಮಹಾತ್ಮೆ'ಯ ಮಹಿಷಾಸುರ. ಅವನು ರಂಗಸ್ಥಳಕ್ಕೆ ವೇಷ ಕಟ್ಟುವ ಚೌಕಿಯಿಂದ ಬರುವುದಿಲ್ಲ. ಜನರ ಹಿಂದಿನಿಂದ, ದೂರದ ಕತ್ತಲಿನಿಂದ, ದೊಂದಿಯ ಬೆಳಕಿನಲ್ಲಿ ರಾಳದ ಬೆಂಕಿ ಏಳಿಸುತ್ತ ಅಬ್ಬರಿಸಿಕೊಂಡು ಬರುತ್ತಾನೆ. ಗರ್ನಾಲು ಸಿಡಿಯುತ್ತದೆ. ನಿದ್ದೆಗಣ್ಣಿನ ಮಕ್ಕಳು ಬೊಬ್ಬೆ ಹೊಡೆದು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದರೆ ಬಣ್ಣದ ವೇಷ ಗೆದ್ದಿತು ಎಂದು ಲೆಕ್ಕ.

ಇನ್ನೊಂದು ಜೋಡಾಟ. ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆಯ ಪುಂಡುವೇಷ ಧೀಂಗಿಣ ಹಾಕಿದರೆ ಆ ಕಡೆಯವನು ಅದಕ್ಕಿಂತ ಹೆಚ್ಚು ಹಾಕಲೇಬೇಕು. ಜನ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡುತ್ತಿದ್ದರು. ಯಾವ ರಂಗಸ್ಥಳದ ಮುಂದೆ ಮಂದಿ ಹೆಚ್ಚೋ ಆ ಮೇಳ ಗೆದ್ದಿತು. ಪಕ್ಷ ಕಟ್ಟಿಕೊಂಡು ಬಂದವರ ನಡುವೆ ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸಿದ್ದೂ ಉಂಟು. ತೀರ್ಪು ಕೊಡುವ ಅಭ್ಯಾಸ ಜನಕ್ಕೆ ಹತ್ತಿದ್ದು ಅಲ್ಲಿಯೇ ಎಂದು ಕಾಣುತ್ತದೆ. ಆದರೆ ಜೋಡಾಟ ಅಪರೂಪದ್ದು. ಪ್ರತಿ ರಾತ್ರಿ ತೀರ್ಪು ಕೊಡುವ ಹಕ್ಕು ಸಿಕ್ಕಿದ್ದು ಟಿಕೇಟಿನಿಂದ.

ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಡೇರೆ ಮೇಳಗಳು ತಲಪಾಡಿ ದಾಟಿ ನಮ್ಮ ಕಡೆಗೂ ತಿರುಗಾಟ ಬರುತ್ತಿದ್ದವು. ಇರಾ ಕುಂಡಾವು ಮೇಳ ನಡೆಸಿದ ಕಲ್ಲಾಡಿ ಕೊರಗ ಶೆಟ್ಟರು, ಅದೇ ಮನೆತನದ ವಿಠಲ ಶೆಟ್ಟರ ಕರ್ನಾಟಕ ಮೇಳ, ಕಸ್ತೂರಿ ಪೈ ಸಹೋದರರ ಸುರತ್ಕಲ್ ಮೇಳ: ಈ ಹೆಸರುಗಳು ನಮಗೆ ಸಿನಿಮಾ ಕಂಪೆನಿಗಳಿಗಿಂತ ಚೆನ್ನಾಗಿ ಗೊತ್ತಿದ್ದವು. ದೀಪಾವಳಿ ಕಳೆದು ಹೊರಟರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ತಿರುಗಾಟ. ಮಧ್ಯಾಹ್ನ ಮೈಕು ಕಟ್ಟಿದ ಜೀಪು ನೀರ್ಚಾಲು, ಪೆರ್ಲ, ಮುಳ್ಳೇರಿಯದ ರಸ್ತೆಗಳಲ್ಲಿ ಕೂಗುತ್ತ, ಬಣ್ಣದ ಕಾಗದದ ನೋಟೀಸು ಎರಚುತ್ತ ಹೋಗುವುದು. ನಾವು ಹುಡುಗರು ಧೂಳಿನಲ್ಲಿ ಅದರ ಹಿಂದೆ.

ಡೇರೆಯೊಳಗೆ ಊರು ತುಂಡು ತುಂಡಾಗಿ ಕೂರುತ್ತಿತ್ತು. ಎದುರಿಗೆ ಈಸಿ ಚೇರು, ಅದರ ಹಿಂದೆ ಕುರ್ಚಿ, ಬೆಂಚು, ಕೊನೆಗೆ ನೆಲ. ಬಯಲಾಟದಲ್ಲಿ ಎದುರಿನ ಜಾಗ ಜಾತಿ ನೋಡಿ, ಮನೆತನ ನೋಡಿ ಸಿಗುತ್ತಿತ್ತು; ಇಲ್ಲಿ ದುಡ್ಡು ನೋಡಿ. ಗಲ್ಫಿನಿಂದ ಊರಿಗೆ ಬಂದ ಹುಡುಗ ಪಟೇಲರ ಪಕ್ಕದ ಈಸಿ ಚೇರಿನಲ್ಲಿ ಕಾಲು ನೀಡಿ ಕೂತಾಗ ಹಿಂದಿನಿಂದ ಒಂದು ಗುಜುಗುಜು ಎದ್ದದ್ದನ್ನು ನಾನೇ ಕೇಳಿದ್ದೇನೆ. ಆಟ ಶುರುವಾಗುವ ಮೊದಲೇ ಪ್ರೇಕ್ಷಕರ ಮೊದಲ ಪ್ರತಿಕ್ರಿಯೆ ಅದು.

ಮಾವ ಹೇಳುತ್ತಿದ್ದರು: "ಈಸಿ ಚೇರಿನವರು ದುಡ್ಡು ಕೊಡ್ತಾರೆ ಮಾರಾಯಾ, ಆಟ ಗೆಲ್ಲಿಸುವುದು ನೆಲದವರು." ಗೆದ್ದಿತೋ ಇಲ್ಲವೋ ಎಂದು ತಿಳಿಯಲು ಅವರು ರಂಗಸ್ಥಳ ನೋಡುತ್ತಿರಲಿಲ್ಲ, ಗೇಟಿನ ಹೊರಗಿನ ಚಾಯದ ಅಂಗಡಿ ನೋಡುತ್ತಿದ್ದರು. ಅಲ್ಲಿ ಗ್ಯಾಸ್‌ಲೈಟಿನ ಕೆಳಗೆ ಜನ ಮುತ್ತಿದ್ದರೆ ಒಳಗೆ ಆಟ ಬಿದ್ದಿದೆ ಎಂದರ್ಥ. ಬೆಂಚು ಖಾಲಿಯಾಗಿದ್ದರೆ ಯಾವುದೋ ದೊಡ್ಡ ವೇಷ ರಂಗದಲ್ಲಿದೆ. ಅಂಗಡಿಯಾತ ಮಲಯಾಳಿ. ಒಳ್ಳೆಯ ಆಟವಾದ ರಾತ್ರಿ "ಇಂದ್ ಕಚ್ಚೋಡಂ ಇಲ್ಲ" (ಇವತ್ತು ವ್ಯಾಪಾರ ಇಲ್ಲ) ಎಂದು ಗೊಣಗಿಕೊಂಡು ತಾನೂ ಮರೆಯ ಬಟ್ಟೆ ಸರಿಸಿ ಒಳಗೆ ಇಣುಕುತ್ತಿದ್ದ.

ನೆಲದವರ ಭಾಷೆಯಲ್ಲಿ ಶಿಳ್ಳೆ ಇತ್ತು, ಕೇಕೆ ಇತ್ತು, ಚಪ್ಪಾಳೆ ಇತ್ತು. ಚಪ್ಪಾಳೆ ತಡವಾಗಿ ಬಂದದ್ದು. ಹಳಬರು ಅದನ್ನು ಸಭೆಯ ರೂಢಿ ಎಂದು ದೂರುತ್ತಿದ್ದರು. ಇವೆಲ್ಲಕ್ಕಿಂತ ಕಠಿಣವಾದದ್ದು ಎದ್ದು ಹೋಗುವುದು. ಒಬ್ಬ ಚಾಪೆ ಸುತ್ತಿದರೆ ಪರವಾಗಿಲ್ಲ, ನಾಲ್ಕು ಮಂದಿ ಒಟ್ಟಿಗೆ ಸುತ್ತಿದರೆ ಭಾಗವತರು ಅದನ್ನು ಕಂಡು ಪದ್ಯ ಮೊಟಕು ಮಾಡಿ ಮುಂದಿನ ವೇಷಕ್ಕೆ ದಾರಿ ಬಿಡುತ್ತಿದ್ದರು. ರಂಗದಲ್ಲಿ ನಡೆಯುತ್ತಿದ್ದುದನ್ನು ನೆಲದ ಜನ ತಿದ್ದುತ್ತಿದ್ದರು ಎಂದು ನಾನು ಹೇಳುವುದು ಇದನ್ನು ನೋಡಿಯೇ. ಅರ್ಧರಾತ್ರಿ ಕಳೆದ ಮೇಲೆ ಗೇಟು ಬಿಟ್ಟಾಗ ದುಡ್ಡಿಲ್ಲದ ಕೂಲಿಯಾಳುಗಳು ಒಳಗೆ ಬಂದು ನೆಲ ಸೇರುತ್ತಿದ್ದರು. ಅವರು ಬಂದ ಮೇಲೆ ಹಾಸ್ಯಗಾರನ ಮಾತು ಬೇರೆಯಾಗುತ್ತಿತ್ತು.

ಇಂಥ ಜನರನ್ನು ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಮಾತಿನಿಂದ ಕಟ್ಟಿ ಕೂರಿಸಿದರು. ಕಾಸರಗೋಡಿನ ಈ ಮಣ್ಣಿನವರೇ. ಹೆಚ್ಚು ಕುಣಿತವಿಲ್ಲ, ಪೀಠದ ಮೇಲೆ ಕೂತು ಅರ್ಥ ಹೇಳುವ ರಾವಣ, ವಾಲಿ, ಮಾಗಧ. ತರ್ಕ ಹೂಡಿ ಎದುರು ಪಾತ್ರವನ್ನು ಮೂಲೆಗೆ ಒತ್ತುವಾಗ ನೆಲದಲ್ಲಿ ಕೂತ ಬೀಡಿ ಕಟ್ಟುವವನೂ ತಲೆ ತೂಗುತ್ತಿದ್ದ. ಒಪ್ಪದವರೂ ಇದ್ದರು. ಮಲ್ಪೆಯ ಸಾಮಗ ಸಹೋದರರ ಅಭಿಮಾನಿಗಳಿಗೂ ಶೇಣಿಯವರ ಅಭಿಮಾನಿಗಳಿಗೂ ನಮ್ಮ ಪೇಟೆಯ ಕ್ಷೌರದಂಗಡಿಯಲ್ಲಿ ಮರುದಿನ ಇಡೀ ವಾದ. ಈ ಮರುದಿನದ ವಾದವೂ ಆಟದ ಭಾಗವೇ ಆಗಿತ್ತು. "ಅರ್ಥ ಲಾಯ್ಕ ಇತ್ತು, ಒಟ್ರಾಸಿ ಆಟ ಸಾಲದು" ಎಂಬ ಒಂದು ವಾಕ್ಯದ ವಿಮರ್ಶೆ ಮುಂದಿನ ಮೊಕ್ಕಾಮಿಗೆ ಮೇಳಕ್ಕಿಂತ ಮೊದಲು ತಲಪುತ್ತಿತ್ತು.

ಶೇಣಿಯವರ 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯ ಬಪ್ಪ ಬ್ಯಾರಿಯನ್ನು ಇಲ್ಲಿ ಹೇಳಲೇಬೇಕು. ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಕಥೆ. ಉಪ್ಪಳ, ಕುಂಬಳೆ, ಮಂಜೇಶ್ವರ ಎಂದರೆ ಬ್ಯಾರಿಗಳ, ಮಾಪಿಳ್ಳೆಗಳ ಪೇಟೆ. ಮೀನು, ಅಡಿಕೆ ವ್ಯಾಪಾರದವರು ಟೋಪಿ ಹಾಕಿಕೊಂಡು ಬಂದು ಕುರ್ಚಿ ಹಿಡಿದು ಕೂರುತ್ತಿದ್ದರು. ಬಪ್ಪ ಹಾಸ್ಯದ ವೇಷವಾಗಬಹುದಿತ್ತು. ಶೇಣಿಯವರು ಅವನನ್ನು ಗೌರವದ ಮನುಷ್ಯನನ್ನಾಗಿ ನಿಲ್ಲಿಸಿದರು. ಬ್ಯಾರಿ ಮಾತಿನ ಧಾಟಿಗೆ ಜನ ನಗುತ್ತಿದ್ದರು, ಆದರೆ ಅವನನ್ನು ನೋಡಿ ನಗುತ್ತಿರಲಿಲ್ಲ. ಟೋಪಿಯವರೂ ಕೂಡಿ ನಕ್ಕ ಆ ನಗೆ ನಮ್ಮ ಜಿಲ್ಲೆಯ ಒಳ್ಳೆಯ ದಾಖಲೆಗಳಲ್ಲೊಂದು.

ಮನೆಮಾತು ಮಲಯಾಳ, ರಂಗದ ಮಾತು ಕನ್ನಡ ಎನ್ನುವ ಕಲಾವಿದರೂ ಈ ನೆಲದಲ್ಲಿ ಬೆಳೆದರು. ಕುಂಬಳೆ ಸುಂದರ ರಾವ್ ಅವರ ಅರ್ಥದಲ್ಲಿ ಪ್ರಾಸ ಒಂದರ ಮೇಲೊಂದು ಏರಿ ಬಂದು ನಿಂತಲ್ಲಿ ಚಪ್ಪಾಳೆ ಬೀಳುತ್ತಿತ್ತು. 1994ರಲ್ಲಿ ಅವರು ಸುರತ್ಕಲ್‌ನಿಂದ ಶಾಸಕರಾಗಿ ಆರಿಸಿ ಬಂದಾಗ ನಮ್ಮೂರಿನ ಒಬ್ಬರು "ನೆಲದ ಟಿಕೇಟಿನ ಓಟು" ಎಂದು ಚಟಾಕಿ ಹಾರಿಸಿದ್ದರು. ಹೊಳೆಯ ಹೆಸರನ್ನೇ ಹೊತ್ತ ಚಂದ್ರಗಿರಿ ಅಂಬು, ಸ್ತ್ರೀವೇಷದ ಕೋಳ್ಯೂರು ರಾಮಚಂದ್ರ ರಾವ್ ಕೂಡ ಇಲ್ಲಿಯವರೇ. ಕೋಳ್ಯೂರರು ಸೆರಗು ಸರಿಮಾಡಿಕೊಳ್ಳುವ ರೀತಿ ನೋಡಿ ನನ್ನ ಅತ್ತೆ "ನಮಗೇ ಬರುವುದಿಲ್ಲ ಇದು" ಎಂದದ್ದು ಮನೆಯಲ್ಲಿ ಗಾದೆಯಾಯಿತು. ಹೆಸರನ್ನು ಜನವೇ ಇಡುವುದೂ ಇತ್ತು. 'ಪಾಪಣ್ಣ ವಿಜಯ'ದ ಪಾಪಣ್ಣನಾಗಿ ನಗಿಸಿದ ಪೆರುವಡಿ ನಾರಾಯಣ ಭಟ್ಟರು ಊರೂರಲ್ಲಿ ಪಾಪಣ್ಣ ಭಟ್ಟರಾದರು.

ತುಳು ಪ್ರಸಂಗಗಳು ಬಂದಾಗ ಡೇರೆಯೊಳಗಿನ ಸದ್ದೇ ಬದಲಾಯಿತು. ತುಳುವಿನಲ್ಲಿ ಯಕ್ಷಗಾನ ಬರೆಯುವುದು ಹೊಸದೇನಲ್ಲ, ನಮ್ಮ ಬಾಯಾರಿನ ಸಂಕಯ್ಯ ಭಾಗವತರ ತುಳು 'ಪಂಚವಟಿ' 1887ರಷ್ಟು ಹಿಂದೆಯೇ ಅಚ್ಚಾಗಿತ್ತು. ಆದರೆ ತುಳು ಆಟ ಹಣದ ಗೇಟಿನಲ್ಲಿ ಗೆದ್ದದ್ದು ಕರ್ನಾಟಕ ಮೇಳದ ಕಾಲದಲ್ಲಿ. 'ಕೋಟಿ ಚೆನ್ನಯ', ಅನಂತರಾಮ ಬಂಗಾಡಿಯವರ 'ಕಾಡಮಲ್ಲಿಗೆ', ಜತೆಗೆ ಮಿಜಾರು ಅಣ್ಣಪ್ಪನವರ ಹಾಸ್ಯ. ಗರಡಿಯಲ್ಲಿ ಪೂಜೆಗೊಳ್ಳುವ ವೀರರು ಕಣ್ಣೆದುರು ಬೀಳುವಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಮೂಗು ಸೀನಿದಂತೆ ಮಾಡುತ್ತಿದ್ದರು. ಈಸಿ ಚೇರಿನಿಂದ "ತುಳುವಿನಲ್ಲಿಯೂ ಆಟವಾ?" ಎಂದು ಮೂಗು ಮುರಿದವರಿಗೆ ಗೇಟಿನ ಪೆಟ್ಟಿಗೆಯೇ ಉತ್ತರ ಕೊಟ್ಟಿತು. ಪುರಾಣದ ಶುದ್ಧಿ ಹೋಯಿತು, ಸಿನಿಮಾದ ಗಾಳಿ ಬೀಸಿತು ಎಂಬ ದೂರು ಸುಳ್ಳಲ್ಲ. ನೆಲದವರ ತೀರ್ಪಿಗೆ ಸೋತು ಮೇಳಗಳು ಕೆಲವೊಮ್ಮೆ ಅಗ್ಗದ ದಾರಿ ಹಿಡಿದವು. ಆದರೆ ಅದೇ ನೆಲದವರು ಶೇಣಿಯವರ ತರ್ಕಕ್ಕೂ ಬೆಳಗಿನವರೆಗೆ ಕೂತವರು. ಅವರ ರುಚಿ ಕೀಳು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವಂತಿಲ್ಲ.

1956ರ ನವೆಂಬರ್ 1ರ ನಂತರ ನಾವು ಕೇರಳದವರಾದೆವು. ಚಂದ್ರಗಿರಿಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಕಚೇರಿಯ ಅರ್ಜಿ, ಬಸ್ಸಿನ ಬೋರ್ಡು ಬೇರೆ ಭಾಷೆಗೆ ತಿರುಗಿದ ಕಾಲದಲ್ಲಿ ರಾತ್ರಿಯಿಡೀ ಒಳ್ಳೆಯ ಕನ್ನಡ ಕೇಳಲು ಸಿಗುತ್ತಿದ್ದ ಜಾಗ ಆಟದ ಡೇರೆ. ಶಾಲೆಯಲ್ಲಿ ನಾನು ಕಲಿಸಿದ ಹಳಗನ್ನಡದ ಎಷ್ಟೋ ಶಬ್ದಗಳ ಅರ್ಥ ಮಕ್ಕಳಿಗೆ ಮೊದಲೇ ಗೊತ್ತಿರುತ್ತಿತ್ತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರನ್ನು ದೇಶ 1973ರ ಸಂವಿಧಾನದ ಮೊಕದ್ದಮೆಯಿಂದ ಬಲ್ಲದು. ನಾವು ಬಲ್ಲದ್ದು ಆಟಕ್ಕೆ ಆಸರೆಯಾಗಿ, ತಾವೇ ಜಾಗಟೆ ಹಿಡಿದು ಪದ್ಯ ಹೇಳುತ್ತಿದ್ದ ಪ್ರೇಕ್ಷಕರನ್ನು.

1980ರ ದಶಕದಲ್ಲಿ ವೀಡಿಯೊ, ಟೀವಿ ಮನೆಗೆ ಬಂದವು. ನೆಲ ಖಾಲಿಯಾಗುತ್ತ ಹೋಯಿತು, ತೆಂಕಿನ ಡೇರೆ ಮೇಳಗಳು ಒಂದೊಂದಾಗಿ ಕಂಬ ಕಿತ್ತವು. ಮತ್ತೆ ಹರಕೆ ಆಟದ ಕಾಲ ಬಂತು. ಕಟೀಲು ಮೇಳದ ಆಟ ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬ 2000ದ ನಿಯಮದ ಒತ್ತಡವೂ ಸೇರಿ ಕಾಲಮಿತಿಯ ಆಟ ಬಂತು. ಇಂದಿನ ಸಭೆ ಸಭ್ಯವಾದದ್ದು. ಹಾಲ್‌ನಲ್ಲಿ ಫ್ಯಾನಿನಡಿ ಕೂತು, ಉಂಡು, ಭಾಗವತರ ಒಂದು ಹಾಡನ್ನು ಮೊಬೈಲಿನಲ್ಲಿ ಹಿಡಿದು, ಎಲ್ಲದಕ್ಕೂ ಒಂದೇ ಅಳತೆಯ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತದೆ.

ಇನ್ನೊಂದು ಕಡೆ ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆಯ ವಿಷಯ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿಗೆ, ಎಂದರೆ ಚಂದ್ರಗಿರಿಯ ತೆಂಕಿಗೆ ಬಂದಿತ್ತು. ಕನ್ನಡ ಬಾರದ ಜಿಲ್ಲೆಗಳ ಮಕ್ಕಳೂ ಕಿರೀಟ ಕಟ್ಟಿ ಕನ್ನಡ ಪದ್ಯಕ್ಕೆ ಕುಣಿಯುವ ಸ್ಪರ್ಧೆ ಅದು. ಸಂತೋಷದ ವಿಷಯವೇ. ಆದರೆ ಅಲ್ಲಿ ತೀರ್ಪು ಮೇಜಿನ ಹಿಂದೆ ಕೂತ ತೀರ್ಪುಗಾರರದ್ದು. ಜನ ಅಂಕ ಕೇಳಿ ತಿಳಿದುಕೊಳ್ಳುತ್ತಾರೆ.

ಹರಕೆ ಆಟವನ್ನು ನಾನು ಹಗುರಾಗಿ ನೋಡುವವನಲ್ಲ. ಕಲಾವಿದರ ಮನೆಯ ಒಲೆ ಉರಿಯುವುದು ಅದರಿಂದ. ಆದರೂ ಊರ ಸಂಘಗಳಿಗೆ ನನ್ನದೊಂದು ಸಲಹೆ ಇದೆ: ವರ್ಷಕ್ಕೊಂದು ಆಟಕ್ಕಾದರೂ ಟಿಕೇಟು ಇಡಿ, ಹತ್ತು ರೂಪಾಯಿಯದ್ದಾದರೂ ಸರಿ. ಕೈಯಿಂದ ದುಡ್ಡು ಕೊಟ್ಟವನು ಮರುದಿನ ಅಂಗಡಿಯಲ್ಲಿ ಕೂತು ಆಟದ ಲೆಕ್ಕ ಕೇಳುತ್ತಾನೆ, ವೇಷಧಾರಿಗೂ ಆ ಲೆಕ್ಕ ಬೇಕು. ಬಂದ ಹಣ ಚೌಕಿಗೆ ಹೋಗಲಿ. ಮೊದಲ ಟಿಕೇಟು ನಾನೇ ಕೊಳ್ಳುತ್ತೇನೆ, ನೆಲದ್ದು. ಮೊಣಕಾಲಿನ ಗಂಟು ಒಪ್ಪದಿದ್ದರೆ ಮಾತ್ರ ಬೆಂಚು ಕೇಳುತ್ತೇನೆ, ಅದಕ್ಕೆ ಹೆಚ್ಚಿನ ದುಡ್ಡು ಕೊಡುವುದಿಲ್ಲ.